ಕೆರೆ ದಂಡೆಗೆ ಹೊಡೆಯುವ ಸೊಳ್ಳೆ ಔಷಧಿ: ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಬೆಂಗಳೂರು ನಗರದ ಸೊಳ್ಳೆ ನಿಯಂತ್ರಣದ ಹೊಣೆ ಹೊತ್ತಿರುವ ಆರೋಗ್ಯಾಧಿಕಾರಿಗಳು,
ಹಾಗೂ ಕೆರೆ, ರಾಜಕಾಲುವೆಗಳ ಉಸ್ತುವಾರಿ ನೋಡುವ ಎಂಜಿನಿಯರುಗಳು

ವಿಷಯ: ಕೆರೆ, ಕಲ್ಯಾಣಿ, ತೆರೆದ ಬಾವಿಗಳ ನೀರಿಗೆ ಲಾರ್ವಾ ನಾಶಕ (ಸೊಳ್ಳೆ ಮರಿ ಕೊಲ್ಲುವ ಔಷಧಿ) ಸಿಂಪಡಿಸುವುದರಿಂದ ಸೊಳ್ಳೆಯಲ್ಲದ ಜಲಜೀವಿಗಳಿಗೆ ಆಗುತ್ತಿರುವ ಹಾನಿ

ಮಾನ್ಯರೇ,

ಜೂನ್ ಬಂತೆಂದರೆ ನಗರದ ಕೆರೆ ಏರಿಗಳ ಮೇಲೆ ಬೆನ್ನಿಗೆ ಪಂಪು ಕಟ್ಟಿಕೊಂಡ ಸಿಬ್ಬಂದಿ ಕಾಣಿಸಿಕೊಳ್ಳುತ್ತಾರೆ. ವಾಕಿಂಗ್ ಪಥದ ಅಂಚಿನಲ್ಲೇ ನಡೆಯುತ್ತಾ ಜೊಂಡು, ಅಂತರಗಂಗೆ, ಮೊಣಕಾಲುದ್ದದ ನೀರು ಎಲ್ಲದರ ಮೇಲೂ ಹಾಲಿನ ಬಣ್ಣದ ದ್ರಾವಣ ಹೊಡೆದು ಮುಂದೆ ಸಾಗುತ್ತಾರೆ. ಸಂಜೆ ಅದೇ ಏರಿಯ ಮೇಲೆ ಫಾಗಿಂಗ್ ಮಿಷನ್ನಿನ ಹೊಗೆ. ಸುತ್ತಲಿನ ಬಡಾವಣೆಯವರಿಗೆ ಏನೋ ಕೆಲಸ ಆಯಿತೆಂಬ ಸಮಾಧಾನ. ಮರುದಿನ ಬೆಳಗ್ಗೆ ಆ ದಂಡೆಯ ನೀರನ್ನು ಒಂದು ಬಿಳಿ ತಟ್ಟೆಗೆ ಮೊಗೆದು ನೋಡಿದರೆ ಕಾಣುವುದೇ ಬೇರೆ. ತಳದಲ್ಲಿ ಮಡಚಿ ಬಿದ್ದ ಏರೋಪ್ಲೇನ್ ಚಿಟ್ಟೆಯ ಮರಿಗಳು, ಕಾಲು ಅಲುಗಿಸುತ್ತಾ ಸುತ್ತುವ ನೀರು ತಿಗಣೆಗಳು, ಒಂದೂ ಚಲಿಸದ ನೀರು ಚಿಗಟಗಳು. ಈ ಪತ್ರ ಆ ತಟ್ಟೆಯಲ್ಲಿ ಕಾಣುವುದರ ಬಗ್ಗೆ.

ಮೊದಲೇ ಹೇಳಿಬಿಡುತ್ತೇವೆ: ಸೊಳ್ಳೆ ನಿಯಂತ್ರಣ ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ಡೆಂಗಿ ಮಕ್ಕಳ ಪ್ರಾಣ ತೆಗೆಯುವ ಕಾಯಿಲೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆ, ಅಂಗಡಿ, ಕಟ್ಟಡ ಕಾಮಗಾರಿಗಳಿಗೆ ದಂಡ ನಿಗದಿ ಮಾಡಿದ್ದು ಸರಿಯಾದ ಹೆಜ್ಜೆ. ನಮ್ಮ ತಕರಾರು ಇರುವುದು ಔಷಧಿ ಬೀಳುವ ಜಾಗದ ಬಗ್ಗೆ, ಅದರ ಅಳತೆಯ ಬಗ್ಗೆ, ಮತ್ತು ಹೊಡೆದ ಮೇಲೆ ಯಾರೂ ನೀರು ನೋಡದಿರುವುದರ ಬಗ್ಗೆ.

ಡೆಂಗಿ ಮತ್ತು ಚಿಕೂನ್‌ಗುನ್ಯ ಹರಡುವ ಈಡಿಸ್ ಈಜಿಪ್ಟೈ ಕೆರೆಯಲ್ಲಿ ಮೊಟ್ಟೆ ಇಡುವ ಸೊಳ್ಳೆಯಲ್ಲ. ಅದಕ್ಕೆ ಬೇಕಾದದ್ದು ಡ್ರಮ್ಮು, ಮುಚ್ಚಳ ಸರಿಯಿಲ್ಲದ ಸಂಪು, ಹೂಕುಂಡದ ತಟ್ಟೆ, ಹಳೆ ಟೈರು, ಎಳನೀರು ಬುರುಡೆ, ಕಟ್ಟಡದಲ್ಲಿ ಕ್ಯೂರಿಂಗಿಗೆ ನಿಲ್ಲಿಸಿದ ನೀರು. ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸೈ ಓವರ್‌ಹೆಡ್ ಟ್ಯಾಂಕು, ಬಾವಿಗಳಲ್ಲಿ ಬೆಳೆಯುತ್ತದೆ. ರಾತ್ರಿ ಕಿವಿಯ ಹತ್ತಿರ ಗುಂಯ್ಗುಡುವ ಕ್ಯೂಲೆಕ್ಸ್ ಬೆಳೆಯುವುದು ಕೊಳಚೆ ನಿಂತ ಚರಂಡಿಯಲ್ಲಿ, ಶೌಚದ ಗುಂಡಿಯಲ್ಲಿ, ಹೂಳು ತುಂಬಿ ಹರಿವು ಸತ್ತ ರಾಜಕಾಲುವೆಯಲ್ಲಿ. ಕೆರೆಯಲ್ಲಿ ಅದು ಸಿಗುವುದಾದರೆ ಕೊಳಚೆ ಒಳಬರುವ ಮೂಲೆಯಲ್ಲಿ, ಕಸ ಮತ್ತು ಕಳೆ ಒತ್ತಿ ನಿಂತ ಪಾಕೆಟ್ಟುಗಳಲ್ಲಿ ಮಾತ್ರ. ಗಾಳಿಗೆ ಅಲೆ ಏಳುವ, ಮೀನು ಓಡಾಡುವ ತೆರೆದ ನೀರಿನಲ್ಲಿ ಸೊಳ್ಳೆ ಮರಿ ನಿಲ್ಲುವುದೇ ಇಲ್ಲ. ಹೀಗಿರುವಾಗ ಬಡಾವಣೆಯಲ್ಲಿ ಡೆಂಗಿ ಬಂತೆಂದು ಕೆರೆಯ ಸುತ್ತ ಔಷಧಿ ಹೊಡೆಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ದೂರುಗಳ ಒಂದು ದೊಡ್ಡ ಪಾಲು ಸೊಳ್ಳೆಯದ್ದೇ ಅಲ್ಲ ಎಂಬುದನ್ನೂ ತಾವು ಗಮನಿಸಬೇಕು. ಕೆರೆ ಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ ಮುಸ್ಸಂಜೆ ಟ್ಯೂಬ್‌ಲೈಟಿನ ಸುತ್ತ ಮುತ್ತುವ, ಬೆಳಗ್ಗೆ ಕಿಟಕಿ ಕೆಳಗೆ ರಾಶಿ ಬೀಳುವ ಹುಳು ಹೆಚ್ಚಿನ ಸಲ ಕಚ್ಚದ ನೊರಜು, ಅಂದರೆ ಕೈರೊನೊಮಿಡ್. ಸೊಳ್ಳೆಗಿರುವ ಉದ್ದನೆಯ ಚುಚ್ಚುಕೊಳವೆ ಇದಕ್ಕಿಲ್ಲ. ಗೋಡೆಯ ಮೇಲೆ ಕೂತಾಗ ಸೊಳ್ಳೆ ಹಿಂಗಾಲು ಎತ್ತಿದರೆ ನೊರಜು ಮುಂಗಾಲು ಎತ್ತುತ್ತದೆ. ಬರಿಗಣ್ಣಿಗೆ ಕಾಣುವ ಈ ಗುರುತನ್ನು ದೂರು ತೆಗೆದುಕೊಳ್ಳುವ ಸಿಬ್ಬಂದಿಗೆ ಹೇಳಿಕೊಟ್ಟರೆ ಎಷ್ಟೋ ಸಿಂಪಡಣೆ ಅಲ್ಲೇ ನಿಲ್ಲುತ್ತದೆ. ನೊರಜಿನ ಮರಿಗಳು ತಳದ ಹೂಳಿನಲ್ಲಿ ಬಿಲ ಕೊರೆದು ಕೊಳೆತದ್ದನ್ನು ತಿನ್ನುತ್ತವೆ. ಕೆಂಪಗಿರುವ ಇವುಗಳನ್ನೇ ಅಕ್ವೇರಿಯಂ ಅಂಗಡಿಗಳಲ್ಲಿ ಮೀನಿನ ಆಹಾರವೆಂದು ಮಾರುವುದು. ಕೆರೆಯ ಮೀನು, ಬಾವಲಿ, ಸಂಜೆ ನೀರಿನ ಮೇಲೆ ಹಾರಾಡುವ ಕವಲುತೋಕೆ ಹಕ್ಕಿಗಳು ಇವುಗಳನ್ನು ತಿಂದು ಬದುಕುತ್ತವೆ.

ಇನ್ನು ಔಷಧಿ ಬೀಳುವ ಆ ಅಂಚಿನ ನೀರಿನಲ್ಲಿ ಯಾರಿದ್ದಾರೆ ನೋಡಿ. ಕೆರೆಯ ನಡುವಿಗಿಂತ ದಂಡೆಯ ಒಂದೆರಡು ಮೀಟರಿನ ಜೊಂಡಿನಲ್ಲೇ ಜೀವ ಹೆಚ್ಚು. ಏರೋಪ್ಲೇನ್ ಚಿಟ್ಟೆಯ ಮರಿ ಜೊಂಡಿನ ಬುಡದಲ್ಲಿ ಕೂತು, ಗಲ್ಲದ ಕೆಳಗೆ ಮಡಚಿಟ್ಟ ತುಟಿಯನ್ನು ಫಕ್ಕನೆ ಚಾಚಿ ಸೊಳ್ಳೆ ಮರಿಯನ್ನು ಹಿಡಿಯುತ್ತದೆ. ಬೆನ್ನ ಮೇಲೆ ಮಲಗಿ ಈಜುವ ತಿಗಣೆ, ಉಸಿರಾಡಲು ಮೇಲೆ ಬಂದು ತಲೆಕೆಳಗಾಗಿ ತೂಗುವ ಮರಿಯನ್ನು ಕೆಳಗಿನಿಂದ ಬಂದು ಚುಚ್ಚಿ ಹೀರುತ್ತದೆ. ಗಂಡು ತನ್ನ ಬೆನ್ನ ಮೇಲೇ ಮೊಟ್ಟೆ ಹೊರುವ ಅಗಲ ದೇಹದ ನೀರು ತಿಗಣೆ, ಮುಳುಗಿ ಈಜುವ ಜೀರುಂಡೆ ಮತ್ತು ಅದರ ಮರಿ ಕೂಡ ಬೇಟೆಗಾರರೇ. ಕಣ್ಣಿಗೆ ಚುಕ್ಕೆಯಷ್ಟು ಕಾಣುವ ಸೈಕ್ಲಾಪ್ಸ್ ಜಾತಿಯ ಕೆಲವು ಜೀವಿಗಳು ಮೊಟ್ಟೆಯೊಡೆದ ಮರುಕ್ಷಣದ ಸೊಳ್ಳೆ ಮರಿಯನ್ನೇ ಹಿಡಿದು ತಿನ್ನುತ್ತವೆ. ವಿಯೆಟ್ನಾಮಿನ ಹಳ್ಳಿಗಳಲ್ಲಿ ನೀರಿನ ತೊಟ್ಟಿಗಳಿಗೆ ಇಂಥದೇ ಮೀಸೋಸೈಕ್ಲಾಪ್ಸ್ ಬಿಟ್ಟು, ಜೊತೆಗೆ ಮನೆ ಸುತ್ತಲಿನ ಪಾತ್ರೆ ಪಡಗ ತೆರವು ಮಾಡಿ, ಈಡಿಸ್ ಸೊಳ್ಳೆಯನ್ನು ಪೂರ್ತಿ ಇಲ್ಲವಾಗಿಸಿದ ಉದಾಹರಣೆಗಳಿವೆ. ಸಂಬಳವಿಲ್ಲದೆ ಹಗಲೂ ರಾತ್ರಿ ಸೊಳ್ಳೆ ಹಿಡಿಯುವ ಸಿಬ್ಬಂದಿ ಇವರು. ನಮ್ಮ ಪಂಪಿನ ಮೊದಲ ಏಟು ಇವರಿಗೇ ಬೀಳುತ್ತಿದೆ.

ಕೆರೆ, ಚರಂಡಿಗಳಿಗೆ ಹೆಚ್ಚಾಗಿ ಬಳಕೆಯಾಗುವುದು ಟೆಮೆಫಾಸ್ 50 ಇಸಿ, ಅಂದರೆ ನೂರರಲ್ಲಿ ಐವತ್ತು ಪಾಲು ಮೂಲ ವಿಷವಿರುವ, ನೀರಿಗೆ ಬೆರೆಸುವ ದ್ರವ. ಇದು ಆರ್ಗನೊಫಾಸ್ಫೇಟ್ ಗುಂಪಿನದು. ನರಗಳ ಸಂದೇಶವನ್ನು ಮುಗಿಸಬೇಕಾದ ಅಸಿಟೈಲ್‌ಕೋಲಿನ್ ಎಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ, ಹುಳು ಸೆಟೆದು ಸಾಯುತ್ತದೆ. ಆ ಕಿಣ್ವ ಸೊಳ್ಳೆಯ ಸ್ವತ್ತೇನಲ್ಲ. ನೀರು ಚಿಗಟ, ಸೀಗಡಿ, ತಿಗಣೆ, ಜೀರುಂಡೆ ಎಲ್ಲದರ ನರಗಳಲ್ಲೂ ಅದೇ ಇದೆ. ಟೆಮೆಫಾಸ್ ಮನುಷ್ಯರಿಗೆ ಕಡಿಮೆ ವಿಷಕಾರಿ ಎಂಬುದು ನಿಜ, ಅದಕ್ಕೇ ಕುಡಿಯುವ ನೀರಿನ ತೊಟ್ಟಿಗೂ ಲೀಟರಿಗೆ 1 ಮಿಲಿಗ್ರಾಂ ಮಿತಿಯಲ್ಲಿ ಒಪ್ಪಿಗೆ ಇದೆ. ಆದರೆ 'ಮನುಷ್ಯರಿಗೆ ಸುರಕ್ಷಿತ' ಎಂಬ ಮಾತು ಕೆರೆಗೆ ಬಂದಾಗ ಅರ್ಥ ಕಳೆದುಕೊಳ್ಳುತ್ತದೆ. ಡಾಫ್ನಿಯಾ ಎಂಬ ನೀರು ಚಿಗಟವನ್ನು ಎರಡೇ ದಿನದಲ್ಲಿ ಕೆಡವಲು ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತಲೂ ಕಡಿಮೆ ಟೆಮೆಫಾಸ್ ಸಾಕು.

ಇದಕ್ಕೆ ಪುರಾವೆ ಹುಡುಕಿ ದೂರ ಹೋಗಬೇಕಿಲ್ಲ, ನಮ್ಮದೇ ಆರೋಗ್ಯ ಇಲಾಖೆಗಳ ಇತಿಹಾಸದಲ್ಲಿದೆ. ಕರ್ನಾಟಕವೂ ಸೇರಿ ಹಲವು ರಾಜ್ಯಗಳನ್ನು ಕಾಡುತ್ತಿದ್ದ ನಾರುಹುಣ್ಣು (ಗಿನಿ ಹುಳುವಿನ ರೋಗ) ಹರಡುತ್ತಿದ್ದದ್ದು ಮೆಟ್ಟಿಲು ಬಾವಿಗಳ ನೀರಿನಲ್ಲಿದ್ದ ಸೈಕ್ಲಾಪ್ಸ್ ಮೂಲಕ. ಆ ಸೈಕ್ಲಾಪ್ಸನ್ನು ಕೊಲ್ಲಲೆಂದೇ ಬಾವಿಗಳಿಗೆ ಟೆಮೆಫಾಸ್ ಹಾಕಲಾಯಿತು, ಜೊತೆಗೆ ನೀರು ಸೋಸಿ ಕುಡಿಯುವುದನ್ನು ಕಲಿಸಲಾಯಿತು. 1996ರಲ್ಲಿ ಕೊನೆಯ ರೋಗಿ ಸಿಕ್ಕ ಮೇಲೆ 2000ರಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ಪ್ರಮಾಣಪತ್ರ ಪಡೆಯಿತು. ಅದು ಹೆಮ್ಮೆಯ ಕೆಲಸ. ಆದರೆ ಅಂದು ಸೈಕ್ಲಾಪ್ಸ್ ಕೊಲ್ಲಲು ಆರಿಸಿಕೊಂಡ ಔಷಧಿಯನ್ನೇ ಇಂದು ಸೈಕ್ಲಾಪ್ಸ್ ತುಂಬಿರುವ ಕೆರೆಗೆ ಸುರಿದು, ಸೊಳ್ಳೆ ಬಿಟ್ಟು ಬೇರೇನೂ ಸಾಯುವುದಿಲ್ಲ ಎಂದು ನಂಬುವುದು ಹೇಗೆ?

ಈಗ ಅಳತೆಗೆ ಬರೋಣ. ನಮ್ಮ ದೇಶದ ಮಾರ್ಗಸೂಚಿಯ ಪ್ರಕಾರ ಟೆಮೆಫಾಸ್ 50 ಇಸಿ 2.5 ಮಿ.ಲೀ. ಅನ್ನು 10 ಲೀಟರ್ ನೀರಿಗೆ ಬೆರೆಸಿ, ಚದರ ಮೀಟರಿಗೆ 20 ಮಿ.ಲೀ. ದ್ರಾವಣ, ಅಂದರೆ ಹೆಕ್ಟೇರಿಗೆ 200 ಲೀಟರ್ ಸಿಂಪಡಿಸಬೇಕು. ಈ ಲೆಕ್ಕದಲ್ಲಿ ಒಂದು ಚದರ ಮೀಟರಿಗೆ ಬೀಳುವ ಮೂಲ ವಿಷ 2.5 ಮಿಲಿಗ್ರಾಂ. ಹತ್ತು ಸೆಂಟಿಮೀಟರ್ ಆಳದ ದಂಡೆ ನೀರಿನಲ್ಲಿ ಅದು ಲೀಟರಿಗೆ 25 ಮೈಕ್ರೋಗ್ರಾಂ ಆಗುತ್ತದೆ. ನಿಯಮ ಚಾಚೂ ತಪ್ಪದೆ ಪಾಲಿಸಿದಾಗಲೇ ನೀರು ಚಿಗಟಕ್ಕೆ ಸಾಕಾಗುವುದರ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಎಂದಾಯಿತು.

ನಿಯಮ ತಪ್ಪಿದಾಗ ಏನಾಗುತ್ತದೆ? ಬೆನ್ನಿನ ಪಂಪಿನ ಟ್ಯಾಂಕು ಸಾಮಾನ್ಯವಾಗಿ 16 ಲೀಟರಿನದು. ಅದಕ್ಕೆ ಬೇಕಾದ ಔಷಧಿ ಬರೇ 4 ಮಿ.ಲೀ., ಒಂದು ಟೀ ಚಮಚಕ್ಕಿಂತ ಕಡಿಮೆ. ಅಳತೆಗೆ ಸಿರಿಂಜು ಇಲ್ಲದಾಗ, ಬಾಟಲಿಯ ಮುಚ್ಚಳದಲ್ಲಿ ಒಂದೆರಡು ಸಲ ಸುರಿದರೆ 40 ಮಿ.ಲೀ. ಹೋಗಿಬಿಡುತ್ತದೆ: ಹತ್ತು ಪಟ್ಟು. ಎರಡನೇ ತಪ್ಪು ನಡಿಗೆಯದು. 16 ಲೀಟರ್ 800 ಚದರ ಮೀಟರಿಗೆ ಬರಬೇಕು. ಅದನ್ನು ಒಂದು ಮೀಟರ್ ಅಗಲದ ದಂಡೆಯಲ್ಲಿ ನೂರು ಮೀಟರ್ ಹೋಗುವಷ್ಟರಲ್ಲಿ ಖಾಲಿ ಮಾಡಿದರೆ ಎಂಟು ಪಟ್ಟು. ಎರಡೂ ಸೇರಿದರೆ ಎಂಬತ್ತು ಪಟ್ಟು. ಐದು ಸೆಂಟಿಮೀಟರ್ ನೀರಿನಲ್ಲಿ ಅದು ಲೀಟರಿಗೆ 4 ಮಿಲಿಗ್ರಾಂ, ಕುಡಿಯುವ ನೀರಿನ ತೊಟ್ಟಿಗೆ ಹಾಕಿದ ಮಿತಿಯ ನಾಲ್ಕರಷ್ಟು. ಇದರಲ್ಲಿ ಪಂಪು ಹೊತ್ತವರ ತಪ್ಪಿಲ್ಲ. ಅವರ ಕೈಗೆ ಅಳತೆಯ ಪಾತ್ರೆ ಕೊಟ್ಟು, ಬರೀ ನೀರು ತುಂಬಿ ಒಂದು ದಿನ ಅಭ್ಯಾಸ ಮಾಡಿಸಿ, ಕೈಗವಸು ಕೊಡಬೇಕಾದವರು ನಾವು ನೀವು. ದಿನಕ್ಕೆ ಎಷ್ಟು ಲೀಟರ್ ಖರ್ಚಾಯಿತು ಎಂಬುದನ್ನೇ ಕೆಲಸದ ಅಳತೆಯಾಗಿ ಇಟ್ಟುಕೊಂಡರೆ ಖರ್ಚು ಹೆಚ್ಚಾಗುತ್ತದೆ, ಸೊಳ್ಳೆ ಕಡಿಮೆಯಾಗುವುದಿಲ್ಲ.

ಕೊಳಚೆ ನೀರಿನಲ್ಲಿ ಇನ್ನೊಂದು ತೊಡಕಿದೆ. ಟೆಮೆಫಾಸ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಹೂಳಿಗೆ, ಪಾಚಿಗೆ, ತೇಲುವ ಕಸಕ್ಕೆ ಅಂಟಿಕೊಳ್ಳುವುದೇ ಹೆಚ್ಚು. ಅದಕ್ಕೇ ರಾಜಕಾಲುವೆಯಲ್ಲಿ ಹೊಡೆದ ಔಷಧಿ ಕೆಲಸ ಮಾಡಲಿಲ್ಲ ಎನಿಸುತ್ತದೆ, ಮುಂದಿನ ವಾರ ಕೈ ಇನ್ನಷ್ಟು ಧಾರಾಳವಾಗುತ್ತದೆ. ಅಂಟಿಕೊಂಡ ಹೂಳು ಮೊದಲ ಜೋರು ಮಳೆಗೆ ಕೊಚ್ಚಿ ಕೆರೆಗೆ ಬರುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕಾಲುವೆಗಳಿಗೆ ಬಿದ್ದದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಯ ದಾರಿ ಹಿಡಿದರೆ, ವೃಷಭಾವತಿಗೆ ಬಿದ್ದದ್ದು ಅರ್ಕಾವತಿಗೆ ಹೋಗುತ್ತದೆ. ಚರಂಡಿಗೆ ಹೊಡೆದದ್ದು ಚರಂಡಿಯಲ್ಲೇ ಉಳಿಯುವ ಊರಲ್ಲ ಇದು.

ಇಷ್ಟಾದ ಮೇಲೂ, ಹೊಡೆದ ಮೇಲೆ ಸೊಳ್ಳೆ ಶಾಶ್ವತವಾಗಿ ಕಡಿಮೆಯಾಗುವುದಾದರೆ ನಾವು ಈ ಪತ್ರ ಬರೆಯುತ್ತಿರಲಿಲ್ಲ. ಕ್ಯೂಲೆಕ್ಸ್ ಹೆಣ್ಣು ಒಂದೇ ಸಲಕ್ಕೆ ನೂರಿನ್ನೂರು ಮೊಟ್ಟೆಗಳನ್ನು ತೆಪ್ಪದ ಹಾಗೆ ಜೋಡಿಸಿ ನೀರಿನ ಮೇಲೆ ಬಿಡುತ್ತದೆ, ನಮ್ಮ ಊರಿನ ಬಿಸಿಲಿಗೆ ಏಳೆಂಟು ಹತ್ತು ದಿನದಲ್ಲಿ ಅವು ಹಾರುವ ಸೊಳ್ಳೆಗಳಾಗುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ ಬೆಳೆದು ರೆಕ್ಕೆ ಬಿಚ್ಚಲು ಜಾತಿಗೆ ತಕ್ಕಂತೆ ಒಂದೂವರೆ ತಿಂಗಳಿಂದ ಹಲವು ತಿಂಗಳು ಬೇಕು. ಔಷಧಿ ಇಬ್ಬರನ್ನೂ ಒಂದೇ ದಿನ ಕೊಲ್ಲುತ್ತದೆ. ಖಾಲಿಯಾದ ನೀರಿಗೆ ಮೊದಲು ವಾಪಸು ಬರುವುದು ಯಾರು? ಪಕ್ಕದ ಚರಂಡಿಯಿಂದ ಹಾರಿ ಬಂದ ಸೊಳ್ಳೆ. ಬೇಟೆಗಾರ ತಿಗಣೆಗಳಿರುವ ನೀರಿನ ವಾಸನೆ ಹಿಡಿದು ಅಲ್ಲಿ ಮೊಟ್ಟೆಯಿಡದೆ ಹೋಗುವ ಸೊಳ್ಳೆ ಜಾತಿಗಳೂ ಇವೆ, ತಿಗಣೆ ಸತ್ತ ನೀರಿನಲ್ಲಿ ಆ ಹೆದರಿಕೆಯೂ ಇಲ್ಲ. ಬೇಟೆಗಾರ ಮರಿಗಳು ಬೆಳೆಯುವಷ್ಟರಲ್ಲಿ ಮತ್ತೆ ಪಂಪು ಬರುತ್ತದೆ. ವಾರಕ್ಕೊಮ್ಮೆ ಎಂಬ ವೇಳಾಪಟ್ಟಿಯಲ್ಲಿ ದಂಡೆಯ ಬೇಟೆಗಾರರಿಗೆ ತಲೆಯೆತ್ತುವ ಒಂದು ಅವಕಾಶವೂ ಸಿಗುವುದಿಲ್ಲ. ಅಂದರೆ ಕೆರೆ ತನ್ನ ಸೊಳ್ಳೆಯನ್ನು ತಾನೇ ನೋಡಿಕೊಳ್ಳುವ ಶಕ್ತಿ ಕಳೆದುಕೊಂಡು, ವಾರವಾರ ನಮ್ಮ ಪಂಪಿಗೇ ಕಾಯುವಂತಾಗುತ್ತದೆ.

ನೀರು ಚಿಗಟಗಳು ಸತ್ತರೆ ಪಾಚಿ ತಿನ್ನುವವರು ಇಲ್ಲ. ಕೊಳಚೆಯ ಪೋಷಕಾಂಶ ಮೊದಲೇ ಹೆಚ್ಚಿರುವ ನಮ್ಮ ಕೆರೆಗಳಲ್ಲಿ ನೀರು ಇನ್ನೂ ಹಸಿರಾಗುತ್ತದೆ, ಬೆಳಗಿನ ಜಾವ ಆಮ್ಲಜನಕ ಇಳಿಯುತ್ತದೆ, ಮೀನು ಬಾಯಿ ಬಿಡುತ್ತದೆ.

ಬೇರೆ ಔಷಧಿಗಳ ವಿಷಯವೂ ಹೇಳಬೇಕು, ಏಕೆಂದರೆ ಟೆಮೆಫಾಸ್ ಬಿಟ್ಟು ಇನ್ನೊಂದನ್ನು ತಂದರೆ ಸಮಸ್ಯೆ ಮುಗಿಯಿತು ಎಂದುಕೊಳ್ಳುವ ಅಪಾಯವಿದೆ. ಲಾರ್ವಾ ನಾಶಕ ಎಣ್ಣೆ ನೀರಿನ ಮೇಲೆ ಪದರ ಕಟ್ಟಿ ಸೊಳ್ಳೆ ಮರಿಯ ಉಸಿರು ಕಟ್ಟಿಸುತ್ತದೆ. ಗಾಳಿಗಾಗಿ ಮೇಲೆ ಬರುವ ತಿಗಣೆ, ಜೀರುಂಡೆಗಳಿಗೂ ಅದೇ ಗತಿ, ನೀರಿನ ಮೇಲೆ ನಡೆಯುವ ಹುಳುಗಳು ಮುಳುಗುತ್ತವೆ. ಡೈಫ್ಲುಬೆಂಜುರಾನ್ ಪೊರೆ ಕಳಚುವಾಗ ಹೊಸ ಚಿಪ್ಪು ಕಟ್ಟದಂತೆ ತಡೆಯುತ್ತದೆ. ಸೊಳ್ಳೆ ಮರಿ ಪೊರೆ ಕಳಚುವಂತೆ ಸೀಗಡಿ, ಏಡಿ ಮರಿ, ನೀರು ಚಿಗಟವೂ ಕಳಚುತ್ತವೆ. ಪೈರಿಪ್ರಾಕ್ಸಿಫೆನ್ ಕೀಟದ ಎಳೆತನದ ಹಾರ್ಮೋನನ್ನು ಅನುಕರಿಸಿ, ಸೊಳ್ಳೆಯನ್ನು ಕೋಶದ (ಪ್ಯೂಪಾ) ಹಂತದಲ್ಲೇ ಕೊಲ್ಲುತ್ತದೆ. ಡಾಫ್ನಿಯಾದ ಮೇಲೆ ಅದರ ಪರಿಣಾಮ ವಿಚಿತ್ರ: ಸಾಮಾನ್ಯವಾಗಿ ಹೆಣ್ಣು ಮರಿಗಳನ್ನೇ ಹಾಕುವ ತಾಯಿ, ಅತಿ ಸಣ್ಣ ಪ್ರಮಾಣಕ್ಕೇ ಗಂಡು ಮರಿಗಳನ್ನು ಹಾಕತೊಡಗುತ್ತದೆ. ಸತ್ತ ಹುಳು ಒಂದೂ ಕಾಣದೆ ಸಂತತಿ ಕುಸಿಯುತ್ತದೆ. ಸಿಂಪಡಿಸಿದ ಮರುದಿನ ನೋಡಿ 'ಏನೂ ಆಗಿಲ್ಲ' ಎಂದು ವರದಿ ಬರೆದರೆ ಈ ಹಾನಿ ಎಂದೂ ದಾಖಲಾಗದು.

ಫಾಗಿಂಗ್ ಬಗ್ಗೆ ಜನರಲ್ಲಿರುವ ನಂಬಿಕೆ ದೊಡ್ಡದು, ಫಲ ಚಿಕ್ಕದು. ಒಂದು ಪಾಲು ಮೆಲಾಥಿಯಾನ್ ಎಂಬ ಕೀಟನಾಶಕಕ್ಕೆ ಹತ್ತೊಂಬತ್ತು ಪಾಲು ಡೀಸೆಲ್ ಬೆರೆಸಿ ಹೊಡೆವ ಹೊಗೆ ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆಯನ್ನು ಮಾತ್ರ ಕೆಡವುತ್ತದೆ. ಹಗಲು ಕಚ್ಚಿ, ಮನೆಯೊಳಗೆ ಬಟ್ಟೆ, ಮಂಚದ ಮರೆಯಲ್ಲಿ ಕೂರುವ ಈಡಿಸ್‌ಗೆ ಕೆರೆ ಏರಿಯ ಹೊಗೆ ತಗಲುವುದೇ ಇಲ್ಲ. ಹೊಗೆಯ ಹನಿಗಳು ಇಳಿಯುವುದು ನೀರಿಗೆ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಬಳಸಿದರೆ ಇನ್ನೂ ಕಷ್ಟ. ಅವು ಸಸ್ತನಿಗಳಿಗೆ ಸೌಮ್ಯ, ಸೀಗಡಿ ಜಾತಿಗೆ ಮತ್ತು ಮೀನಿಗೆ ಅತಿ ಉಗ್ರ, ಮತ್ತು ತಳದ ಹೂಳಿನಲ್ಲಿ ಉಳಿಯುತ್ತವೆ. 2005ರಲ್ಲಿ ಅಮೆರಿಕದ ಸ್ಯಾಕ್ರಮೆಂಟೊ ನಗರದ ಮೇಲೆ ಸೊಳ್ಳೆ ಹರಡುವ ವೆಸ್ಟ್ ನೈಲ್ ಜ್ವರ ತಡೆಯಲು ವಿಮಾನದಿಂದ ಅದೇ ಬಗೆಯ ಪೈರೆಥ್ರಿನ್ ಸಿಂಪಡಿಸಿದಾಗ ಕಂಡ ಸಂಗತಿ ನಮಗೆ ಪಾಠವಾಗಬೇಕು. ಪೈರೆಥ್ರಿನ್‌ಗಿಂತ ಹೆಚ್ಚಾಗಿ, ಅದರ ಶಕ್ತಿ ಹೆಚ್ಚಿಸಲು ಬೆರೆಸಿದ್ದ ಪೈಪರೋನಿಲ್ ಬ್ಯುಟಾಕ್ಸೈಡ್ ತೊರೆಗಳಿಗೆ ಬಿದ್ದು, ಮನೆ ತೋಟಗಳ ಬಳಕೆಯಿಂದ ಹೂಳಿನಲ್ಲಿ ಮೊದಲೇ ಕೂತಿದ್ದ ಹಳೆಯ ಪೈರೆಥ್ರಾಯ್ಡ್‌ಗಳ ವಿಷವನ್ನು ಹೆಚ್ಚಿಸಿತ್ತು. ನಮ್ಮ ಕಾಲುವೆಗಳ ಹೂಳಿಗೂ ಮನೆಮನೆಯ ಜಿರಲೆ, ಗೆದ್ದಲು ಔಷಧಿ ತೊಳೆದು ಬರುತ್ತದೆ. ಒಂದೊಂದು ಔಷಧಿಯನ್ನು ಬೇರೆ ಬೇರೆಯಾಗಿ ತೂಗಿ 'ಮಿತಿಯೊಳಗಿದೆ' ಎನ್ನುವುದು ಸಾಲದು.

ಬಿಟಿಐ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್, ಇವೆಲ್ಲಕ್ಕಿಂತ ಎಷ್ಟೋ ಮೇಲು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸಿಕ್ಕ ಈ ಬ್ಯಾಕ್ಟೀರಿಯಾದ ಹರಳನ್ನು ಮರಿ ತಿನ್ನಬೇಕು, ಕ್ಷಾರ ಗುಣದ ಕರುಳಿನಲ್ಲಿ ಅದು ಕರಗಬೇಕು, ಆಗಷ್ಟೇ ವಿಷ. ಏರೋಪ್ಲೇನ್ ಚಿಟ್ಟೆ, ತಿಗಣೆ, ನೀರು ಚಿಗಟಗಳಿಗೆ ಸರಿಯಾದ ಅಳತೆಯಲ್ಲಿ ಅದರ ಬಾಧೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ನೊರಜಿನ ಮರಿಗಳು ಸೊಳ್ಳೆಗೆ ಹತ್ತಿರದ ಸಂಬಂಧಿಗಳು, ಅಳತೆ ಮೀರಿದರೆ ಅವೂ ಸಾಯುತ್ತವೆ. ಫ್ರಾನ್ಸಿನ ಕಮಾರ್ಗ್ ಜೌಗಿನಲ್ಲಿ 2006ರಿಂದ ಬಿಟಿಐ ಸಿಂಪಡಿಸಿದ ಕಡೆ ನೊರಜು ಕಡಿಮೆಯಾಗಿ, ಅವನ್ನು ತಿನ್ನುವ ಕವಲುತೋಕೆ ಜಾತಿಯ ಹಕ್ಕಿಗಳು ಸಾಕಿದ ಮರಿಗಳ ಸಂಖ್ಯೆಯೇ ಇಳಿಯಿತು. ಇದನ್ನು ಹೇಳುವುದು ಬಿಟಿಐ ಬೇಡವೆಂದಲ್ಲ, ಅದನ್ನೂ ನೋಡಿ ಬಳಸಿ ಎಂದು. ಅದರ ಮಿತಿಗಳನ್ನೂ ಸಿಬ್ಬಂದಿಗೆ ಹೇಳಬೇಕು: ಕೋಶವಾದ ಮರಿ ಏನೂ ತಿನ್ನುವುದಿಲ್ಲ, ಆದ್ದರಿಂದ ಸಾಯುವುದಿಲ್ಲ. ಉರಿಬಿಸಿಲು ಮತ್ತು ಗಟ್ಟಿ ಕೊಳಚೆ ಅದರ ಬಲ ತಗ್ಗಿಸುತ್ತವೆ. ಸಂಜೆ ಹೊತ್ತು, ಎಳೆ ಮರಿಗಳಿರುವಾಗ ಹಾಕಿದರೆ ಕೆಲಸ ಆಗುತ್ತದೆ.

ಗ್ಯಾಂಬೂಸಿಯಾ, ಗಪ್ಪಿ ಮೀನುಗಳನ್ನು ಕೆರೆಗೆ ಬಿಡುವುದೂ 'ಸಹಜ' ಉಪಾಯವಲ್ಲ. ಅವು ಹೊರದೇಶದ ಮೀನುಗಳು. ಸೊಳ್ಳೆ ಮರಿಯ ಜೊತೆಗೆ ನೀರು ಚಿಗಟ, ಏರೋಪ್ಲೇನ್ ಚಿಟ್ಟೆಯ ಎಳೆ ಮರಿ, ನಮ್ಮ ಮೀನುಗಳ ಮೊಟ್ಟೆ ಎಲ್ಲವನ್ನೂ ತಿನ್ನುತ್ತವೆ. ಮುಚ್ಚಿದ ತೊಟ್ಟಿಗೆ, ಫೌಂಟನ್ನಿಗೆ ಗಪ್ಪಿ ಸರಿ, ಕೆರೆಗೆ ಬೇಡ.

ಆದ್ದರಿಂದ ನಮ್ಮ ವಿನಂತಿಗಳು ಇವು. ಕೆರೆ, ಕಲ್ಯಾಣಿ, ತೆರೆದ ಬಾವಿ, ಜೌಗು ಪ್ರದೇಶಗಳನ್ನು ವಾರದ ಸಿಂಪಡಣೆ ಪಟ್ಟಿಯಿಂದ ತೆಗೆಯಿರಿ. ಅಲ್ಲಿ ದೂರು ಬಂದರೆ ಮೊದಲು ಡಿಪ್ಪರ್ (ನೀರು ಮೊಗೆದು ಮರಿ ನೋಡುವ ಹಿಡಿಯಿರುವ ಲೋಟ) ಹೋಗಲಿ, ಪಂಪು ಆಮೇಲೆ. 350 ಮಿ.ಲೀ. ಡಿಪ್ಪರ್‌ನಲ್ಲಿ ದಂಡೆಯ ಹತ್ತು ಕಡೆ ಮೊಗೆದು, ಸೊಳ್ಳೆಯ ಬಲಿತ ಮರಿ ಅಥವಾ ಕೋಶ ಸಿಗದಿದ್ದರೆ ಔಷಧಿ ಹೊಡೆಯಬಾರದು. ಸಿಕ್ಕಿದರೆ ಆ ಪಾಕೆಟ್ಟಿನಲ್ಲಿ ಮಾತ್ರ, ಅದೂ ಮೊದಲು ಕಸ ಕಳೆ ತೆಗೆದು ನೀರು ಅಲುಗಾಡುವಂತೆ ಮಾಡಿ, ಆಮೇಲೂ ಮರಿ ಉಳಿದರೆ ಬಿಟಿಐ ಹಾಕಲಿ. ಅಂತರಗಂಗೆಯ ಬೇರಿಗೆ ಉಸಿರುಕೊಳವೆ ಚುಚ್ಚಿ ನೀರಿನೊಳಗೇ ಇರುವ ಮ್ಯಾನ್ಸೋನಿಯಾ ಜಾತಿಯ ಸೊಳ್ಳೆ ಮರಿಗೆ ಮೇಲಿನ ಸಿಂಪಡಣೆ ತಲುಪುವುದೂ ಇಲ್ಲ, ಆ ಗಿಡ ಎಳೆದು ದಡಕ್ಕೆ ಹಾಕುವುದೇ ಮದ್ದು. ಟೆಮೆಫಾಸ್, ಎಣ್ಣೆ, ಡೈಫ್ಲುಬೆಂಜುರಾನ್, ಪೈರಿಪ್ರಾಕ್ಸಿಫೆನ್ ಯಾವುದೂ ಕೆರೆಯ ನೀರಿಗೆ ಬೀಳದಿರಲಿ. ನೀರಿನಂಚಿನಿಂದ 100 ಮೀಟರ್ ಒಳಗೆ ಫಾಗಿಂಗ್ ಬೇಡ. ಡೆಂಗಿ ಖಚಿತವಾದ ಮನೆಗಳ ಒಳಗೆ, ಸುತ್ತ ಅದನ್ನು ಮಾಡಿ. ಡ್ರಮ್ಮು, ಸಂಪು, ಟ್ಯಾಂಕುಗಳಲ್ಲಿ ಟೆಮೆಫಾಸ್ ಅಳತೆಯಂತೆ ಬಳಸುವುದಕ್ಕೆ ನಮ್ಮ ಆಕ್ಷೇಪವಿಲ್ಲ, ಪಂಪು ಹೊತ್ತವರ ಆ ಸಮಯ ಮನೆಮನೆಯ ಲಾರ್ವಾ ಸಮೀಕ್ಷೆಗೆ ಸಿಕ್ಕರೆ ಡೆಂಗಿಗೆ ನಿಜವಾದ ಏಟು ಬೀಳುತ್ತದೆ. ಕೆರೆ ಏರಿಯಲ್ಲೇ ಈಡಿಸ್ ಬೆಳೆಯುವ ಜಾಗಗಳೂ ಇವೆ: ಎಸೆದ ಪ್ಲಾಸ್ಟಿಕ್ ಲೋಟ, ಎಳನೀರು ಬುರುಡೆ, ಮುಚ್ಚಳವಿಲ್ಲದ ಕಸದ ಡಬ್ಬಿ. ಅವಕ್ಕೆ ಬೇಕಾದದ್ದು ಪೊರಕೆ, ಗೋಣಿಚೀಲ.

ಚರಂಡಿಗಳಲ್ಲಿ ಸಿಂಪಡಣೆ ಮುಂದುವರಿಯುವವರೆಗೆ ಪ್ರತಿ ಪಂಪಿನ ಜೊತೆ 5 ಮಿ.ಲೀ. ಸಿರಿಂಜು ಕಡ್ಡಾಯವಾಗಲಿ. ತಿಂಗಳಿಗೊಮ್ಮೆ ಬರೀ ನೀರು ತುಂಬಿ, ಒಂದು ನಿಮಿಷ ಬಕೆಟ್ಟಿಗೆ ಹೊಡೆದು ಅಳೆಯಿರಿ. 600 ಮಿ.ಲೀ. ಬಂದರೆ, ಆ ನಿಮಿಷದಲ್ಲಿ ಸಿಬ್ಬಂದಿ 30 ಚದರ ಮೀಟರ್ ದಾಟಬೇಕು, ಅಂದರೆ ಒಂದು ಮೀಟರ್ ಅಗಲದಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ನಡಿಗೆ. ಕಡಿಮೆ ನಡೆದರೆ ನಾಝಲ್ ಬದಲಿಸಿ. ಕೆಲಸ ಮುಗಿದ ಮೇಲೆ ಪಂಪನ್ನು ಕೆರೆಯಲ್ಲಿ ತೊಳೆಯುವುದು ಇವತ್ತೇ ನಿಲ್ಲಬೇಕು. ತೊಳೆದ ನೀರನ್ನು ಮುಂದಿನ ಟ್ಯಾಂಕಿಗೇ ಬಳಸಬಹುದು.

ಎಂಜಿನಿಯರುಗಳಲ್ಲಿ ಒಂದೇ ಮಾತು. ಕ್ಯೂಲೆಕ್ಸ್ ಕೆರೆಗೆ ಬರುವುದು ಕೊಳಚೆಯ ಹಿಂದೆ. ಜಕ್ಕೂರಿನಲ್ಲಿ ಸಂಸ್ಕರಿಸಿದ ನೀರು ಜೊಂಡಿನ ಜೌಗು ದಾಟಿ ಕೆರೆಗೆ ಇಳಿಯುವ ವ್ಯವಸ್ಥೆ ಇದೆ. ಅಂಥ ಜೌಗು ಕಟ್ಟುವಾಗ ನೀರು ನಿಲ್ಲದೆ ಸಾಗುವ ಇಳಿಜಾರು, ಮೀನು ಒಳಗೆ ಬರುವಷ್ಟು ಆಳದ ಕಾಲುವೆ ಇಟ್ಟರೆ ಔಷಧಿಯ ಮಾತೇ ಬರುವುದಿಲ್ಲ. ಹೂಳೆತ್ತಿದ ಮೇಲೆ ದಂಡೆಯಲ್ಲಿ ಉಳಿದ ಜೆಸಿಬಿ ಚಕ್ರದ ಗುಂಡಿಗಳನ್ನು ಸಮ ಮಾಡಿಸಿ. ಕೆರೆಯಿಂದ ಕಡಿದುಹೋದ ಆ ಗುಂಡಿಗಳಲ್ಲೇ ಮೀನೂ ಇಲ್ಲ, ತಿಗಣೆಯೂ ಇಲ್ಲ, ಸೊಳ್ಳೆಗೆ ಹಬ್ಬ.

ಕೊನೆಯದಾಗಿ, ಹೊಡೆದ ಮೇಲೆ ನೀರು ನೋಡುವ ಪದ್ಧತಿ ಶುರುವಾಗಲಿ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಅರ್ಧ ಮಿಲಿಮೀಟರ್ ಕಣ್ಣಿನ ಕೈಬಲೆ, ನೀರು ಚಿಗಟಕ್ಕೆ ಒಂದು ಸಣ್ಣ ಪ್ಲಾಂಕ್ಟನ್ ಬಲೆ, ಬಿಳಿ ತಟ್ಟೆ, ಕೈ ಮಸೂರ. ಸಿಂಪಡಿಸುವ ಮುನ್ನ, 24 ಗಂಟೆಯ ಬಳಿಕ, 7ನೇ ದಿನ, 28ನೇ ದಿನ, ಅದೇ ದಂಡೆಯಲ್ಲಿ ಬಲೆಯಿಂದ ಒಂದೊಂದು ಮೀಟರಿನ ಐದು ಎಳೆತ, ಜೊತೆಗೆ ಔಷಧಿ ಬೀಳದ ಇನ್ನೊಂದು ದಂಡೆಯಲ್ಲೂ ಐದು. ಸೊಳ್ಳೆ ಮರಿ, ಏರೋಪ್ಲೇನ್ ಚಿಟ್ಟೆ ಮರಿ, ತಿಗಣೆ, ಜೀರುಂಡೆ, ನೊರಜು, ನೀರು ಚಿಗಟ ಎಂದು ಆರು ಗುಂಪಾಗಿ ಎಣಿಸಿದರೆ ಸಾಕು. ಔಷಧಿ ಬೀಳದ ದಂಡೆ ಇಲ್ಲದೆ ಎಣಿಸಿದರೆ ಮಳೆಯಿಂದಾದ ಏರಿಳಿತ ಯಾವುದು, ಔಷಧಿಯಿಂದಾದದ್ದು ಯಾವುದು ಎಂದು ತಿಳಿಯದು. ಒಂದು ದಂಡೆಗೆ ಇಬ್ಬರು ಎರಡು ಗಂಟೆಯಲ್ಲಿ ಮುಗಿಸುವ ಕೆಲಸ, ಕಾಲೇಜಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು ಚೆನ್ನಾಗಿ ಮಾಡಬಲ್ಲರು. ಕಲಿಸಿಕೊಡಲು ನಾವು ಬರುತ್ತೇವೆ, ಬಲೆಗಳನ್ನೂ ತರುತ್ತೇವೆ.

ಮುಂದಿನ ಮಳೆಗಾಲದ ಸಿಂಪಡಣೆ ಶುರುವಾಗುವ ಮುನ್ನ, ಕಳೆದ ವರ್ಷ ಯಾವ ಕೆರೆಗೆ, ಯಾವ ದಿನ, ಯಾವ ಔಷಧಿ, ಎಷ್ಟು ಮಿಲಿ ಲೀಟರ್ ಬಿತ್ತು, ಅದಕ್ಕೆ ಮೊದಲು ಡಿಪ್ಪರ್‌ನಲ್ಲಿ ಎಷ್ಟು ಮರಿ ಸಿಕ್ಕಿತ್ತು ಎಂಬ ಪಟ್ಟಿಯನ್ನು ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 4ರ ಆಶಯದಂತೆ ತಾವಾಗಿಯೇ ವಾರ್ಡುವಾರು ಪ್ರಕಟಿಸಬೇಕೆಂದು ಕೋರುತ್ತೇವೆ. ಮರಿಗಳನ್ನು ಎಣಿಸಿಯೇ ಇರದಿದ್ದರೆ ಆ ಕಾಲಂ ಖಾಲಿ ಬಿಟ್ಟೇ ಪ್ರಕಟಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಕೆರೆ ನೀರಿನ ಜೀವಿಗಳ ಅಧ್ಯಯನದಲ್ಲಿ ತೊಡಗಿರುವ ನಾಗರಿಕರು
ಬೆಂಗಳೂರು